ಜಪಾನ್ ಕ್ಲೈಂಟ್ ಜೊತೆ ಕೆಲಸ: ಟೀಮಿಗೆ ಯಾವ ತರಬೇತಿ ಕೊಡಿಸಬೇಕು?

ಪ್ರಶ್ನೆ:
ನಮ್ಮ ಬೆಂಗಳೂರು ಟೀಮಿಗೆ ಹೊಸದಾಗಿ ಜಪಾನ್ ಕ್ಲೈಂಟ್ ಸಿಕ್ಕಿದ್ದಾರೆ. ಎಚ್‌ಆರ್‌ನವರು ಒಂದು ದಿನದ ವರ್ಕ್‌ಶಾಪ್ ಇಡುತ್ತೇವೆ ಅನ್ನುತ್ತಿದ್ದಾರೆ. ಬಾಗಿ ನಮಸ್ಕಾರ ಮಾಡೋದು, ಎರಡೂ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಕೊಡೋದು, ಇಷ್ಟು ಹೇಳಿಕೊಟ್ಟರೆ ಸಾಕಾ? ಟೀಮಲ್ಲಿ ಹೊಸಬರೇ ಜಾಸ್ತಿ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1:
ಕಾರ್ಡ್ ಕೊಡೋದು ಐದು ನಿಮಿಷದ ಪಾಠ. ಮುಖ್ಯವಾದದ್ದು ಕೆಟ್ಟ ಸುದ್ದಿಯನ್ನು ಬೇಗ ಹೇಳುವುದು. ಶುಕ್ರವಾರದ ಡೆಲಿವರಿ ತಪ್ಪುತ್ತದೆ ಅಂತ ಮಂಗಳವಾರ ಗೊತ್ತಾದರೆ ಮಂಗಳವಾರವೇ ಹೇಳಬೇಕು, ಹೇಗೋ ಮುಗಿಸೋಣ ಅಂತ ಕೂತು ಗುರುವಾರ ರಾತ್ರಿ ಮೇಲ್ ಹಾಕಿದರೆ ನಂಬಿಕೆಯೇ ಹೋಗುತ್ತದೆ. ಸ್ಲೈಡ್ ತೋರಿಸಿ ಇದನ್ನು ಕಲಿಸಲು ಆಗುವುದಿಲ್ಲ, ರೋಲ್‌ಪ್ಲೇ ಮಾಡಿಸಿ. "ಆಗುತ್ತೆ ಸಾರ್" ಅನ್ನುವ ಬದಲು ಎಷ್ಟು ಮುಗಿದಿದೆ, ಏನು ಬಾಕಿ, ಯಾವತ್ತು ಕೊಡುತ್ತೇವೆ ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ಆಗಬೇಕು.

ಉತ್ತರ 2:
ಮೇಲಿನವರ ಮಾತು ನಿಜ. ಇನ್ನೊಂದು, ಅಲ್ಲಿ ಎಷ್ಟೋ ಕಂಪನಿಗಳಲ್ಲಿ ಮೀಟಿಂಗ್‌ಗೆ ಮುಂಚೆಯೇ ಒಬ್ಬೊಬ್ಬರ ಹತ್ತಿರ ಮಾತಾಡಿ ಒಪ್ಪಿಗೆ ಪಡೆದಿರುತ್ತಾರೆ. ಮೀಟಿಂಗಲ್ಲಿ ಹೊಸ ಐಡಿಯಾ ಇಟ್ಟು ಅಲ್ಲೇ ಉತ್ತರ ಕೇಳಿದರೆ ಎಲ್ಲರೂ ಸುಮ್ಮನಾಗಬಹುದು. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಎರಡು ದಿನ ಮೊದಲೇ ಬರೆದು ಕಳಿಸಿ.

ಉತ್ತರ 3:
ವರ್ಕ್‌ಶಾಪ್‌ಗಳಲ್ಲಿ ಸಂಸ್ಕೃತಿ ಹೋಲಿಸಲು ದೇಶದೇಶಕ್ಕೆ ಅಂಕ ತೋರಿಸುತ್ತಾರಲ್ಲ, ಡಚ್ ಸಂಶೋಧಕ ಹಾಫ್‌ಸ್ಟೆಡ್ ಅವರದು, ಅದರ ಮೂಲ ಐಬಿಎಂ ಅನ್ನುವ ಒಂದೇ ಕಂಪನಿಯ ನೌಕರರ ಸಮೀಕ್ಷೆ, 1967ರಿಂದ 1973ರ ನಡುವಿನದು. ಅದು ದೇಶದ ಸರಾಸರಿ ಅಷ್ಟೇ, ಎದುರು ಕೂತವರ ಸ್ವಭಾವ ಅದರಲ್ಲಿ ಸಿಗುವುದಿಲ್ಲ. ಪ್ರಾಜೆಕ್ಟ್ ಶುರುವಾದ ಮೇಲೆ ತಿಂಗಳಿಗೊಮ್ಮೆ ಒಂದು ಗಂಟೆ ಇಡಿಸಿ, ಆ ತಿಂಗಳ ಮೇಲ್‌ಗಳನ್ನೇ ಮುಂದಿಟ್ಟು ಮಾತಾಡಿ. ಕ್ಲೈಂಟ್ ಕಡೆಯವರೂ ಬಂದರೆ ಇನ್ನೂ ಒಳ್ಳೆಯದು, ಕಲಿಯಬೇಕಾದ್ದು ಅವರಿಗೂ ಇದೆ ಅಲ್ವಾ.