ಜಾನ್ ಡೇ ಅಷ್ಟು ದೊಡ್ಡ ಪುಸ್ತಕಗಳನ್ನು ಮುದ್ರಿಸಿದ್ದು ಹೇಗೆ?

ಪ್ರಶ್ನೆ (ಶಿರಾದ ವಿದ್ಯಾರ್ಥಿನಿ):
ಲಂಡನ್ನಿನ ಮುದ್ರಕ, ಪುಸ್ತಕ ವ್ಯಾಪಾರಿ ಜಾನ್ ಡೇ 1563ರಲ್ಲಿ ಜಾನ್ ಫಾಕ್ಸ್ ಎಂಬ ಲೇಖಕ ಬರೆದ ಕ್ರೈಸ್ತ ಹುತಾತ್ಮರ ಚರಿತ್ರೆಯನ್ನು ಅಚ್ಚು ಹಾಕಿದ. ಸುಮಾರು 1,800 ದೊಡ್ಡ ಪುಟಗಳು, ಜೊತೆಗೆ ಚಿತ್ರಗಳು. ಬಂಡವಾಳ ಎಲ್ಲಿಂದ ಬಂತು?

ಉತ್ತರ (ನಿವೃತ್ತ ಅಚ್ಚುಮೊಳೆ ಜೋಡಣೆಗಾರ, ತುಮಕೂರು):
ತಾಯಿ, ದೊಡ್ಡ ಗ್ರಂಥ ಯಾವ ಮುದ್ರಣಾಲಯವನ್ನೂ ಸಾಕುವುದಿಲ್ಲ. ನಮಗೆ ಸಂಬಳ ಹುಟ್ಟುತ್ತಿದ್ದದ್ದು ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರಗಳಿಂದ. ಡೇಗೆ ಅನ್ನ ಕೊಟ್ಟದ್ದು ಮಕ್ಕಳಿಗೆ ಅಕ್ಷರಮಾಲೆಯನ್ನೂ ಧರ್ಮಬೋಧೆಯನ್ನೂ ಕಲಿಸುವ ಪುಟ್ಟ ಪುಸ್ತಕ ಮತ್ತು ಹಾಡಲು ಬರುವಂತೆ ಪದ್ಯಕ್ಕೆ ಇಳಿಸಿದ ಬೈಬಲ್ ಕೀರ್ತನೆಗಳು. ಬೇರೆಯವರು ಅವನ್ನು ಅಚ್ಚು ಹಾಕದಂತೆ ಅವನಿಗೆ ರಾಜಸನ್ನದು ಇತ್ತು. ರೋಜರ್ ವಾರ್ಡ್ ಎಂಬ ಮುದ್ರಕ ಆ ಅಕ್ಷರಮಾಲೆಯ 10,000 ಪ್ರತಿಗಳನ್ನು ಕದ್ದು ಮುದ್ರಿಸಿದಾಗ, 1582ರಲ್ಲಿ ಡೇ ಅವನನ್ನು ಸ್ಟಾರ್ ಚೇಂಬರ್ ನ್ಯಾಯಾಲಯಕ್ಕೆ ಎಳೆದ. ಸಣ್ಣ ಮುದ್ರಕರ ಹೊಟ್ಟೆಯ ಮೇಲೆ ಹೊಡೆದ ಸನ್ನದು ಅದು. ನನಗೆ ಇಂದಿಗೂ ಅದು ಅನ್ಯಾಯವೆಂದೇ ತೋರುತ್ತದೆ.

ಉತ್ತರ (ಗಣಿತ ಶಿಕ್ಷಕಿ, ಮಧುಗಿರಿ):
1570ರಲ್ಲಿ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡನ ರೇಖಾಗಣಿತ ಗ್ರಂಥದ ಮೊದಲ ಇಂಗ್ಲಿಷ್ ಅನುವಾದವನ್ನು ಮುದ್ರಿಸಿದವನೂ ಅವನೇ. ಘನಾಕೃತಿಗಳ ಭಾಗದಲ್ಲಿ ಕಾಗದದ ತುಂಡುಗಳನ್ನು ಅಂಟಿಸಿದ್ದಾರೆ. ಮೇಲೆತ್ತಿದರೆ ಪಿರಮಿಡ್ ಎದ್ದು ನಿಲ್ಲುತ್ತದೆ!

ಉತ್ತರ (ಅದೇ ಜೋಡಣೆಗಾರ):
ಆ ತುಂಡುಗಳನ್ನು ಪ್ರತಿಯೊಂದು ಪ್ರತಿಯಲ್ಲೂ ಕೈಯಿಂದಲೇ ಅಂಟಿಸಬೇಕು, ಮೇಡಂ. ಆ ಕೈಗಳಿಗೆ ನಮಸ್ಕಾರ. ಇನ್ನೊಂದು ಮಾತು: ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ ಬೆಂಬಲದಿಂದ ಡೇ ಹಳೆಯ ಇಂಗ್ಲಿಷಿಗೆಂದೇ, ಅಂದರೆ ಅವನ ಕಾಲಕ್ಕೆ ನೂರಾರು ವರ್ಷ ಹಿಂದೆ ಬಳಕೆಯಲ್ಲಿದ್ದ ಇಂಗ್ಲಿಷಿಗೆಂದೇ, ಹೊಸ ಅಚ್ಚುಮೊಳೆಗಳನ್ನು ಮಾಡಿಸಿದ. ಒಂದೊಂದು ಅಕ್ಷರಕ್ಕೂ ಉಕ್ಕಿನ ಅಚ್ಚು ಕೆತ್ತಿ, ತಾಮ್ರಕ್ಕೆ ಹೊಡೆದು, ಅಲ್ಲಿ ಮೂಡಿದ ಗುರುತಿನೊಳಗೆ ಸೀಸ ಎರೆಯಬೇಕಿತ್ತು. ಓದುಗರು ಬೆರಳೆಣಿಕೆಯವರಿದ್ದ ಭಾಷೆಗೆ ಅಷ್ಟು ಖರ್ಚು!