ಸಹಾಯ ಬೇಕು: ಸ್ಯೂರಾ ಬರೆದ ಸಂಗೀತ ಕಚೇರಿಯ ಚಿತ್ರವನ್ನು ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿತ್ರಕಲೆ ಬಲ್ಲವರು ದಯವಿಟ್ಟು ಸ್ವಲ್ಪ ಸಮಯ ಕೊಡಿ.

ಫ್ರೆಂಚ್ ಚಿತ್ರಕಾರ ಜಾರ್ಜ್ ಸ್ಯೂರಾ 1886-88ರ ಸುಮಾರಿಗೆ ಬರೆದ 'ಓ ಕನ್ಸರ್ಟ್ ಯುರೋಪಿಯೆನ್' ಬಗ್ಗೆ ಮುಂದಿನ ವಾರ ತರಗತಿಯಲ್ಲಿ ಮಾತಾಡಬೇಕು. ಮೂಲ ಚಿತ್ರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಹಾಡುಗಾರಿಕೆ ನಡೆಯುತ್ತಿದೆ. ಹಾಡುವವಳು ದೂರದ ಬೆಳಕಿನಲ್ಲಿ ಪುಟ್ಟದಾಗಿ ನಿಂತಿದ್ದಾಳೆ. ನಮ್ಮ ಮುಂದೆ ದೊಡ್ಡದಾಗಿ ಕಾಣುವುದು ಕೇಳುಗರ ಬೆನ್ನು, ಟೋಪಿಗಳ ಕಪ್ಪು ಆಕಾರ. ನೋಡುತ್ತ ನೋಡುತ್ತ ನಾನೇ ಹಿಂದಿನ ಸಾಲಿನಲ್ಲಿ ಕೂತಂತೆ ಅನ್ನಿಸಿತು. ಆದರೆ ಗಾಯಕಿಗಿಂತ ಕೇಳುಗರಿಗೆ ಇಷ್ಟು ಜಾಗ ಯಾಕೆ? ಗುಂಪಿನ ನಡುವಿನ ಒಂಟಿತನ ಅಂತ ಓದಿದರೆ ನಾನು ಅತಿಯಾಗಿ ಎಳೆದಂತೆ ಆಗುತ್ತದೆಯೇ?

ಇನ್ನು ತಂತ್ರ. ಇದನ್ನು ರೇಖಾಚಿತ್ರ ಅನ್ನುವುದಕ್ಕೇ ನನಗೆ ಹಿಂಜರಿಕೆ, ರೇಖೆಗಳೇ ಹೆಚ್ಚು ಕಾಣುವುದಿಲ್ಲ. ಒರಟು ಕಾಗದದ ಮೇಲೆ ಕಾಂಟೆ ಕ್ರೇಯಾನ್ (ಚಿತ್ರ ಬರೆಯುವ ಗಟ್ಟಿ ಕಪ್ಪು ಕಡ್ಡಿ) ಉಜ್ಜಿದಾಗ ಉಬ್ಬಿದ ಕಡೆ ಮಾತ್ರ ಕಪ್ಪು ಹಿಡಿದು, ತಗ್ಗುಗಳಲ್ಲಿ ಬಿಳಿ ಉಳಿಯುತ್ತದೆ. ಆ ಉಳಿದ ಬಿಳಿಯೇ ಮಬ್ಬು ಬೆಳಕಾಗುತ್ತದೆ. ಕೈಯಲ್ಲಿ ತಿಳಿಯಲೆಂದು ಇದ್ದಿಲು ಹಿಡಿದು ನಯವಾದ ಡ್ರಾಯಿಂಗ್ ಹಾಳೆಯ ಮೇಲೆ ಮೂರು ಸಲ ಪ್ರಯತ್ನಿಸಿದೆ. ಬರೀ ಬೂದು ಬಣ್ಣದ ಮಸಿ ಬಂತು, ಆ ಮಿನುಗು ಬರಲಿಲ್ಲ.

ಕಾಂಟೆ ಬಳಸಿದವರು ಹೇಳಿ: ಒತ್ತಡವನ್ನು ಹೇಗೆ ಹತೋಟಿಯಲ್ಲಿಡುತ್ತೀರಿ? ಇಲ್ಲಿ ಸಿಗುವ ಯಾವ ಕಾಗದಕ್ಕೆ ಅಂಥ ಒರಟುತನ ಇದೆ? ಕಪ್ಪು ಆಕಾರದ ಅಂಚಿನ ಸುತ್ತ ಹಿನ್ನೆಲೆಯನ್ನು ತುಸು ತಿಳಿಯಾಗಿ ಬಿಡುವ ಕ್ರಮವನ್ನು ಯಾರಾದರೂ ಹಂತ ಹಂತವಾಗಿ ತೋರಿಸಿದರೆ ದೊಡ್ಡ ಉಪಕಾರ. ನನ್ನ ಮೂರೂ ಹಾಳೆಗಳ ಫೋಟೊ ಕೆಳಗೆ ಹಾಕಿದ್ದೇನೆ, ತಪ್ಪಿದ್ದಲ್ಲಿ ಗುರುತು ಮಾಡಿ ತಿಳಿಸಿ.