ಲಂಡನ್–ಟೋಕಿಯೊ: 9,600 ಕಿಲೋಮೀಟರ್ ದೂರಕ್ಕೆ 14 ಗಂಟೆ ಏಕೆ?

ಪ್ರಶ್ನೆ:
ಲಂಡನ್ನಿನಿಂದ ಟೋಕಿಯೊಗೆ ವಿಮಾನ ಮಾರ್ಗದ ದೂರ ಸುಮಾರು 9,600 ಕಿಲೋಮೀಟರ್ ಎಂದು ಓದಿದ್ದೇನೆ. ದೊಡ್ಡ ಜೆಟ್ ವಿಮಾನಗಳ ವೇಗ ಗಂಟೆಗೆ 900 ಕಿಲೋಮೀಟರಿನಷ್ಟು ಎಂದು ಹಿಡಿದರೆ ಹನ್ನೊಂದು ಗಂಟೆಯೊಳಗೆ ತಲುಪಬೇಕು. ಆದರೆ ನಡುವೆ ಎಲ್ಲಿಯೂ ಇಳಿಯದ ವಿಮಾನಗಳ ವೇಳಾಪಟ್ಟಿಯಲ್ಲಿಯೂ ಸುಮಾರು 14 ಗಂಟೆ ಎಂದಿದೆ. ಹೊರಡುವ ಮತ್ತು ತಲುಪುವ ಸಮಯಗಳನ್ನು ಕಳೆದು ನೋಡಿದರೆ ಇನ್ನೂ ವಿಚಿತ್ರವಾದ ಉತ್ತರ ಬರುತ್ತದೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1:
ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆ 9,600 ಕಿಲೋಮೀಟರ್ ಎಂಬುದು ಭೂಗೋಳದ ಮೇಲೆ ಎರಡು ಊರುಗಳನ್ನು ಜೋಡಿಸುವ ಅತಿ ಹತ್ತಿರದ ಕಮಾನಿನ ಉದ್ದ. ಆ ಕಮಾನು ಸ್ಕ್ಯಾಂಡಿನೇವಿಯಾದ ಮೇಲೆ ಹಾದು, ಬಹುಪಾಲು ರಷ್ಯಾದ ಸೈಬೀರಿಯಾದ ಮೇಲೆಯೇ ಸಾಗುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಬ್ರಿಟನ್ ರಷ್ಯಾದ ವಿಮಾನಗಳನ್ನು ನಿಷೇಧಿಸಿತು. ಪ್ರತಿಯಾಗಿ ರಷ್ಯಾ ತನ್ನ ವಾಯುಪ್ರದೇಶವನ್ನು ಬ್ರಿಟನ್ನಿನ ವಿಮಾನಗಳಿಗೆ ಮುಚ್ಚಿತು. ಜಪಾನಿನ ಪ್ರಮುಖ ಸಂಸ್ಥೆಗಳೂ ಆ ದಾರಿಯನ್ನು ಬಿಟ್ಟವು. ಅದಕ್ಕೂ ಮೊದಲು ಇದೇ ಪಯಣಕ್ಕೆ ಹೆಚ್ಚುಕಡಿಮೆ 12 ಗಂಟೆ ಸಾಕಾಗುತ್ತಿತ್ತು. ಈಗ ಲಂಡನ್ ಬಿಟ್ಟ ವಿಮಾನ ದಕ್ಷಿಣಕ್ಕೆ ಸರಿದು ಟರ್ಕಿ, ಮಧ್ಯ ಏಷ್ಯಾ, ಚೀನಾಗಳ ಮೇಲಿಂದ ಬಳಸಿಕೊಂಡು ಹೋಗುತ್ತದೆ. ಚೀನಾದ ಸಂಸ್ಥೆಗಳಿಗೆ ಸೈಬೀರಿಯಾ ಇನ್ನೂ ತೆರೆದಿರುವುದರಿಂದ ಯುರೋಪ್–ಬೀಜಿಂಗ್ ಮಾರ್ಗದಲ್ಲಿ ಅವುಗಳ ಪಯಣ ಉಳಿದವರದಕ್ಕಿಂತ ಬೇಗ ಮುಗಿಯುತ್ತದೆ.

ಉತ್ತರ 2:
ಮೇಲಿನ ಉತ್ತರಕ್ಕೆ ಗಾಳಿಯ ವಿಚಾರವನ್ನೂ ಸೇರಿಸಬೇಕು. ಈ ಅಕ್ಷಾಂಶಗಳಲ್ಲಿ ವಿಮಾನ ಹಾರುವ ಎತ್ತರದಲ್ಲಿ ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುತ್ತದೆ. ಟೋಕಿಯೊ ಕಡೆಗೆ ಹೋಗುವಾಗ ಅದು ಬೆನ್ನ ಹಿಂದಿನ ಗಾಳಿ. ಮರಳುವಾಗ ಅದೇ ದಾರಿ ಹಿಡಿದರೆ ಎದುರುಗಾಳಿ. ಹಾಗಾಗಿ ಟೋಕಿಯೊದಿಂದ ಲಂಡನ್ನಿಗೆ, ಅಂದರೆ ಪಶ್ಚಿಮಕ್ಕೆ, ಹೋಗಬೇಕಾದ ಅನೇಕ ವಿಮಾನಗಳು ಮೊದಲು ಈಶಾನ್ಯಕ್ಕೆ ಹೊರಟು ಉತ್ತರ ಪೆಸಿಫಿಕ್, ಅಲಾಸ್ಕಾ, ಆರ್ಕ್ಟಿಕ್, ಗ್ರೀನ್‌ಲ್ಯಾಂಡ್‌ಗಳನ್ನು ದಾಟಿ ಲಂಡನ್ ಸೇರುತ್ತವೆ. ನಕ್ಷೆಯಲ್ಲಿ ನೋಡಿದವರಿಗೆ ಪೈಲಟ್ ದಾರಿ ತಪ್ಪಿದನೇನೋ ಎನಿಸಬಹುದು!

ಇದು ಹೊಸ ಉಪಾಯವೇನೂ ಅಲ್ಲ. ಸೋವಿಯತ್ ವಾಯುಪ್ರದೇಶ ಮುಚ್ಚಿದ್ದ ಕಾಲದಲ್ಲಿ, 1957ರಲ್ಲಿ, ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಕಡೆಯಿಂದ ಟೋಕಿಯೊಗೆ ಸೇವೆ ಆರಂಭಿಸಿತ್ತು. ಆಗ ಇಂಧನಕ್ಕಾಗಿ ಅಲಾಸ್ಕಾದ ಆ್ಯಂಕರೇಜ್‌ನಲ್ಲಿ ಇಳಿಯಲೇಬೇಕಿತ್ತು. ಇಂದಿನ ವಿಮಾನಗಳಿಗೆ ಆ ಅಗತ್ಯವಿಲ್ಲ.

ಉತ್ತರ 3:
ಸಮಯಗಳನ್ನು ಕಳೆದಾಗ ಬರುವ ಗೊಂದಲಕ್ಕೆ ಕಾರಣ, ಟಿಕೆಟ್‌ನಲ್ಲಿ ಪ್ರತಿ ಊರಿಗೂ ಆಯಾ ಊರಿನ ಗಡಿಯಾರದ ಸಮಯವನ್ನೇ ಮುದ್ರಿಸಿರುತ್ತಾರೆ. ಜಪಾನ್ ಚಳಿಗಾಲದಲ್ಲಿ ಬ್ರಿಟನ್ನಿಗಿಂತ 9 ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಬ್ರಿಟನ್ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ 8 ಗಂಟೆ. ಚಳಿಗಾಲದಲ್ಲಿ ಲಂಡನ್ನಿನಿಂದ ಬೆಳಿಗ್ಗೆ 9ಕ್ಕೆ ಹೊರಟು 14 ಗಂಟೆ ಹಾರಿದರೆ ಟೋಕಿಯೊದಲ್ಲಿ ಮರುದಿನ ಬೆಳಿಗ್ಗೆ 8 ಆಗಿರುತ್ತದೆ, ನೋಡುವವರಿಗೆ 23 ಗಂಟೆ. ಟೋಕಿಯೊದಿಂದ ಬೆಳಿಗ್ಗೆ 9ಕ್ಕೆ ಹೊರಟು ಅಷ್ಟೇ ಹೊತ್ತು ಹಾರಿದರೆ ಲಂಡನ್ನಿನಲ್ಲಿ ಅದೇ ದಿನ ಮಧ್ಯಾಹ್ನ 2 ಗಂಟೆ, ಕೇವಲ ಐದು ಗಂಟೆ ಎಂಬಂತೆ ಕಾಣುತ್ತದೆ. ಮೊದಲನೆಯದರಲ್ಲಿ 9 ಕಳೆಯಿರಿ, ಎರಡನೆಯದಕ್ಕೆ 9 ಕೂಡಿಸಿ. ವೇಳಾಪಟ್ಟಿಯ ಅವಧಿಯನ್ನು ಗೇಟಿನಿಂದ ಗೇಟಿಗೆ ಎಣಿಸುವುದರಿಂದ ರನ್‌ವೇವರೆಗೆ ಸಾಗುವ ಹಾಗೂ ಸರದಿಗಾಗಿ ಕಾಯುವ ಹೊತ್ತೂ ಅದರಲ್ಲಿಯೇ ಸೇರಿರುತ್ತದೆ.